ಆಲ್ಟರ್ನೇಟರ್ ಸ್ಥಳಾಂತರ: ಪವರ್ ಸ್ಟೀರಿಂಗ್ ಉಳಿಸಿಕೊಂಡು ಮಾಡುವ ಕ್ರಮ

ಇಂದು ಅನೇಕ ರೈತರ ಮನೆಯಂಗಳದಲ್ಲಿ ಟ್ರ್ಯಾಕ್ಟರಿನ ಜೊತೆಗೆ ಒಂದು ಜೀಪು, ಪಿಕಪ್ ವಾಹನ ಅಥವಾ ಹಳೆಯ ಡೀಸೆಲ್ ಕಾರು ಇರುವುದು ಸಾಮಾನ್ಯವಾಗಿದೆ. ಗೊಬ್ಬರ, ಬೀಜ, ತರಕಾರಿ, ಹಾಲಿನ ಕ್ಯಾನುಗಳನ್ನು ಸಾಗಿಸಲು ಇವು ಬಹಳ ಉಪಯುಕ್ತ. ಆದರೆ ಈ ವಾಹನಗಳು ಟಾರು ರಸ್ತೆಗಿಂತ ಹೆಚ್ಚಾಗಿ ಗಾಡಿ ಜಾಡು, ಕಾಲುವೆಯ ಏರಿ ಮತ್ತು ಹಳ್ಳದ ನೀರಿನಲ್ಲಿ ಓಡುತ್ತವೆ. ಇದರಿಂದ ಎಂಜಿನ್ನಿನ ಕೆಳಬದಿಯಲ್ಲಿ ಕೂರಿಸಿರುವ ಆಲ್ಟರ್ನೇಟರಿಗೆ ಕೆಸರು ನೀರು ನುಗ್ಗಿ, ಅದರ ಬೇರಿಂಗ್ ಮತ್ತು ಕಾರ್ಬನ್ ಬ್ರಷ್‌ಗಳು ಬೇಗ ಕೆಡುತ್ತವೆ. ಇನ್ನು ಕೆಲವು ವಾಹನಗಳಲ್ಲಿ ಪವರ್ ಸ್ಟೀರಿಂಗ್ ಪಂಪಿನಿಂದ ಸೋರಿದ ಎಣ್ಣೆ ನೇರವಾಗಿ ಆಲ್ಟರ್ನೇಟರಿನ ಮೇಲೆ ತೊಟ್ಟಿಕ್ಕುತ್ತದೆ.

ಇಂತಹ ಸಂದರ್ಭದಲ್ಲಿ ಆಲ್ಟರ್ನೇಟರನ್ನು ಎತ್ತರದ ಜಾಗಕ್ಕೆ ಸರಿಸುವ ಯೋಚನೆ ಸಹಜವಾಗಿಯೇ ಬರುತ್ತದೆ. ಆದರೆ ಜಾಗ ಸಾಲದು ಎಂಬ ಕಾರಣಕ್ಕೆ ಪವರ್ ಸ್ಟೀರಿಂಗ್ ಪಂಪಿನ ಬೆಲ್ಟನ್ನೇ ಕಳಚಿಹಾಕುವುದು ಅಪಾಯಕರ. ಬ್ಯಾಟರಿ ಉಳಿಸಲು ಹೋಗಿ ವಾಹನದ ಹಿಡಿತವನ್ನೇ ಕಳೆದುಕೊಂಡಂತಾಗುತ್ತದೆ. ಪವರ್ ಸ್ಟೀರಿಂಗನ್ನು ಉಳಿಸಿಕೊಂಡೇ ಆಲ್ಟರ್ನೇಟರಿನ ಜಾಗ ಬದಲಿಸಲು ಸಾಧ್ಯವಿದೆ. ಅದರ ಕ್ರಮವನ್ನು, ಯಾವಾಗ ಈ ಕೆಲಸಕ್ಕೆ ಕೈಹಾಕಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಎರಡು ಯಂತ್ರಗಳ ಕೆಲಸ

ಆಲ್ಟರ್ನೇಟರ್ ಎಂಜಿನ್ನಿನ ತಿರುಗುವಿಕೆಯಿಂದ ವಿದ್ಯುತ್ ಉತ್ಪಾದಿಸಿ ಬ್ಯಾಟರಿಯನ್ನು ತುಂಬುತ್ತದೆ ಮತ್ತು ದೀಪ, ಹಾರನ್, ವೈಪರ್ ಮುಂತಾದವುಗಳಿಗೆ ಶಕ್ತಿ ಕೊಡುತ್ತದೆ. ಹಿಂದೆ ಈ ಕೆಲಸವನ್ನು ಡೈನಮೋ ಮಾಡುತ್ತಿತ್ತು. 1960ರ ಸುಮಾರಿಗೆ ಅಮೆರಿಕದ ಕಾರುಗಳಲ್ಲಿ ಆಲ್ಟರ್ನೇಟರ್ ಬಳಕೆಗೆ ಬಂದು ಕ್ರಮೇಣ ಡೈನಮೋ ಮರೆಯಾಯಿತು. ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೂ ಸಾಕಷ್ಟು ವಿದ್ಯುತ್ ಕೊಡುವುದು ಆಲ್ಟರ್ನೇಟರಿನ ಹೆಚ್ಚುಗಾರಿಕೆ.

ಪವರ್ ಸ್ಟೀರಿಂಗ್ ಪಂಪು ಎಣ್ಣೆಯನ್ನು ಒತ್ತಡದಲ್ಲಿ ಸ್ಟೀರಿಂಗ್ ಪೆಟ್ಟಿಗೆಗೆ ಕಳುಹಿಸುತ್ತದೆ. ಆ ಒತ್ತಡವೇ ಚಕ್ರಗಳನ್ನು ತಿರುಗಿಸಲು ನೆರವಾಗುತ್ತದೆ. ಮಾರಾಟಕ್ಕೆ ಬಂದ ಕಾರುಗಳಲ್ಲಿ ಇದು ಮೊದಲು ಕಾಣಿಸಿಕೊಂಡದ್ದು 1951ರ ಕ್ರೈಸ್ಲರ್ ಇಂಪೀರಿಯಲ್ ಕಾರಿನಲ್ಲಿ. ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿದಾಗ ಎಣ್ಣೆಯ ಒತ್ತಡ ಚದರ ಸೆಂ.ಮೀ.ಗೆ 80 ಕಿಲೋಗ್ರಾಂ ಅಥವಾ ಅದಕ್ಕೂ ಹೆಚ್ಚು ಆಗಬಹುದು. ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಸುಮಾರು 2 ಕಿಲೋಗ್ರಾಂ ಮಾತ್ರ ಎಂಬುದನ್ನು ನೆನೆದರೆ ಇದರ ಬಲ ತಿಳಿಯುತ್ತದೆ.

ಈ ಎರಡೂ ಯಂತ್ರಗಳಿಗೆ ಎಂಜಿನ್ನಿನಿಂದ ಶಕ್ತಿ ಮುಟ್ಟಿಸುವುದು ಬೆಲ್ಟು. 50 ಆಂಪಿಯರ್ ವಿದ್ಯುತ್ ಕೊಡುವ ಆಲ್ಟರ್ನೇಟರ್ ಸುಮಾರು 1.6 ಅಶ್ವಶಕ್ತಿಯನ್ನು ಎಳೆಯುತ್ತದೆ. ಮೇಲೆ ಹೇಳಿದ ಒತ್ತಡದಲ್ಲಿ ನಿಮಿಷಕ್ಕೆ 8 ಲೀಟರ್ ಎಣ್ಣೆ ಹಾಯಿಸುವ ಪಂಪಿಗೆ ಸುಮಾರು 1.8 ಅಶ್ವಶಕ್ತಿ ಬೇಕು. ರಾತ್ರಿ ದೀಪ ಹಾಕಿಕೊಂಡು ಬದುವಿನ ತಿರುವಿನಲ್ಲಿ ವಾಹನ ತಿರುಗಿಸುವಾಗ ಈ ಎರಡು ಹೊರೆಗಳೂ ಒಂದೇ ಗಳಿಗೆಯಲ್ಲಿ ಬೆಲ್ಟಿನ ಮೇಲೆ ಬೀಳುತ್ತವೆ. ಆದ್ದರಿಂದ ಸ್ಥಳಾಂತರದ ಕೆಲಸವೆಂದರೆ ಆಲ್ಟರ್ನೇಟರ್ ಕೂರಿಸುವ ಕೆಲಸಕ್ಕಿಂತ ಹೆಚ್ಚಾಗಿ ಬೆಲ್ಟಿನ ದಾರಿ ನೇರ್ಪಡಿಸುವ ಕೆಲಸ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದು ಸುಲಭ.

ಪವರ್ ಸ್ಟೀರಿಂಗನ್ನು ಏಕೆ ಕೈಬಿಡಬಾರದು?

“ಹಿಂದೆ ಪವರ್ ಸ್ಟೀರಿಂಗ್ ಇಲ್ಲದೆಯೇ ಗಾಡಿ ಓಡಿಸುತ್ತಿರಲಿಲ್ಲವೇ?” ಎಂದು ತಾವು ಕೇಳಬಹುದು. ಓಡಿಸುತ್ತಿದ್ದುದು ನಿಜ. ಆದರೆ ಆ ವಾಹನಗಳ ಸ್ಟೀರಿಂಗ್ ಪೆಟ್ಟಿಗೆಯನ್ನು ಕೈಬಲಕ್ಕೆ ತಕ್ಕಂತೆ ರಚಿಸಲಾಗಿತ್ತು. ಪವರ್ ಸ್ಟೀರಿಂಗ್ ಇರುವ ವಾಹನದ ಪೆಟ್ಟಿಗೆ ಹಾಗಲ್ಲ. ಕಡಿಮೆ ಸುತ್ತಿನಲ್ಲಿ ಹೆಚ್ಚು ತಿರುಗುವಂತೆ ಅದನ್ನು ಮಾಡಿರುತ್ತಾರೆ. ಪಂಪು ನಿಂತರೆ ಚಾಲಕನು ಚಕ್ರದ ಭಾರದ ಜೊತೆಗೆ ಪೆಟ್ಟಿಗೆಯೊಳಗಿನ ಎಣ್ಣೆಯನ್ನೂ ಕೈಬಲದಿಂದ ತಳ್ಳಬೇಕಾಗುತ್ತದೆ. ಹೊರೆ ತುಂಬಿದ ಪಿಕಪ್ ಇಳಿಜಾರಿನ ತಿರುವಿನಲ್ಲಿರುವಾಗ ಸ್ಟೀರಿಂಗ್ ಹೀಗೆ ಗಟ್ಟಿಯಾದರೆ ಪರಿಣಾಮ ಏನೆಂದು ಹೇಳಬೇಕಾಗಿಲ್ಲ.

ಟ್ರ್ಯಾಕ್ಟರಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಪೂರ್ಣ ಎಣ್ಣೆ ಒತ್ತಡದ ಸ್ಟೀರಿಂಗ್ ಇರುವ ಟ್ರ್ಯಾಕ್ಟರುಗಳಲ್ಲಿ ಸ್ಟೀರಿಂಗಿನಿಂದ ಮುಂದಿನ ಚಕ್ರದವರೆಗೆ ಕಬ್ಬಿಣದ ಸಲಾಕೆಯ ಜೋಡಣೆಯೇ ಇರುವುದಿಲ್ಲ. ಎಣ್ಣೆಯ ಕೊಳವೆಗಳಷ್ಟೇ ಇರುತ್ತವೆ. ಆದ್ದರಿಂದ ಪಂಪನ್ನು ನಿಷ್ಕ್ರಿಯಗೊಳಿಸುವ ಮಾತನ್ನು ಯಾರೇ ಹೇಳಿದರೂ ಒಪ್ಪಬೇಡಿ.

ಮೊದಲು ಪರೀಕ್ಷಿಸಬೇಕಾದ ಅಂಶಗಳು

ಸ್ಪ್ಯಾನರ್ ಹಿಡಿಯುವ ಮುನ್ನ ಈ ಕೆಳಗಿನ ಐದು ಅಂಶಗಳನ್ನು ನೋಡಿಕೊಳ್ಳಬೇಕು.

1. ಪಂಪು ಯಾವುದರಿಂದ ತಿರುಗುತ್ತದೆ? ಅನೇಕ ಟ್ರ್ಯಾಕ್ಟರುಗಳಲ್ಲಿ ಸ್ಟೀರಿಂಗ್ ಪಂಪು ಎಂಜಿನ್ನಿನ ಗೇರಿನಿಂದ ತಿರುಗುತ್ತದೆ. ಅಲ್ಲಿ ಆಲ್ಟರ್ನೇಟರಿನ ಬೆಲ್ಟಿಗೂ ಪಂಪಿಗೂ ಸಂಬಂಧವಿಲ್ಲವಾದ್ದರಿಂದ ಕೆಲಸ ಸರಳ. ಬೆಲ್ಟಿನಿಂದ ತಿರುಗುವ ಪಂಪಾದರೆ ಈ ಲೇಖನದ ಎಲ್ಲ ಸೂಚನೆಗಳೂ ಅನ್ವಯಿಸುತ್ತವೆ.

2. ಸ್ಟೀರಿಂಗ್ ಎಣ್ಣೆಯದೋ, ವಿದ್ಯುತ್ತಿನದೋ? ಈಚಿನ ಬಹುತೇಕ ಸಣ್ಣ ಕಾರುಗಳಲ್ಲಿ ಪಂಪು, ಎಣ್ಣೆ ಯಾವುದೂ ಇರುವುದಿಲ್ಲ. ಒಂದು ವಿದ್ಯುತ್ ಮೋಟಾರು ಸ್ಟೀರಿಂಗಿಗೆ ನೆರವಾಗುತ್ತದೆ. ತಿರುವಿನಲ್ಲಿ ಅದು ಹತ್ತಾರು ಆಂಪಿಯರ್ ವಿದ್ಯುತ್ ಎಳೆಯುವುದರಿಂದ ಅಲ್ಲಿ ಆಲ್ಟರ್ನೇಟರ್ ಕೈಕೊಟ್ಟರೆ ಸ್ಟೀರಿಂಗೂ ಕೈಕೊಡುತ್ತದೆ. ಇಂತಹ ಕಾರುಗಳಲ್ಲಿ ಸ್ಥಳಾಂತರ ಬೇಡ.

3. ನೀರಿನ ಪಂಪು ಯಾವ ಬೆಲ್ಟಿನಲ್ಲಿದೆ? ರೇಡಿಯೇಟರಿನ ನೀರು ತಿರುಗಿಸುವ ಪಂಪು ಸಾಮಾನ್ಯವಾಗಿ ಆಲ್ಟರ್ನೇಟರ್ ಬೆಲ್ಟಿನಲ್ಲೇ ಇರುತ್ತದೆ. ಆಲ್ಟರ್ನೇಟರನ್ನು ತೆಗೆದ ಮೇಲೆ ನೀರಿನ ಪಂಪಿನ ಬೆಲ್ಟನ್ನು ಬಿಗಿಯುವುದು ಹೇಗೆ ಎಂಬುದನ್ನು ಮೊದಲೇ ನಿರ್ಧರಿಸಬೇಕು.

4. ಆಲ್ಟರ್ನೇಟರಿನ ಬೆನ್ನಿಗೆ ವ್ಯಾಕ್ಯೂಮ್ ಪಂಪು ಇದೆಯೇ? ಅನೇಕ ಡೀಸೆಲ್ ಜೀಪು ಮತ್ತು ಪಿಕಪ್‌ಗಳಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಉಂಟುಮಾಡುವ ಸಣ್ಣ ಪಂಪು ಆಲ್ಟರ್ನೇಟರಿನ ಹಿಂಭಾಗದಲ್ಲೇ ಜೋಡಣೆಯಾಗಿರುತ್ತದೆ. ಅದಕ್ಕೆ ಎಂಜಿನ್ ಎಣ್ಣೆ ಬರುವ ಒಂದು ಸಣ್ಣ ಕೊಳವೆ, ಎಣ್ಣೆ ಹಿಂದಿರುಗುವ ಒಂದು ದಪ್ಪ ಕೊಳವೆ, ಬ್ರೇಕಿಗೆ ಹೋಗುವ ಇನ್ನೊಂದು ಕೊಳವೆ ಇರುತ್ತವೆ. ಇಂತಹ ವಾಹನದಲ್ಲಿ ಆಲ್ಟರ್ನೇಟರ್ ಸರಿಸುವುದೆಂದರೆ ಬ್ರೇಕಿನ ಒಂದು ಅಂಗವನ್ನೇ ಸರಿಸಿದಂತೆ. ಇದನ್ನು ಮರೆಯಬಾರದು.

5. ವಾಹನ ಎಷ್ಟು ಹೊಸದು? 2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿ.ಎಸ್. 6 ವಾಹನಗಳ ಎಂಜಿನ್ ಸುತ್ತ ಅನೇಕ ಸಂವೇದಕಗಳು ಮತ್ತು ತಂತಿಗಳಿರುತ್ತವೆ. ಹಲವು ವಾಹನಗಳಲ್ಲಿ ಆಲ್ಟರ್ನೇಟರಿನ ಕೆಲಸವನ್ನೂ ಎಂಜಿನ್ನಿನ ಕಂಪ್ಯೂಟರೇ ನಿಯಂತ್ರಿಸುತ್ತದೆ. ಇವುಗಳಲ್ಲಿ ಬದಲಾವಣೆ ಮಾಡುವುದು ಸೂಕ್ತವಲ್ಲ. ಖಾತರಿ ಅವಧಿಯಲ್ಲಿರುವ ವಾಹನಕ್ಕೂ ಇದೇ ಮಾತು.

ಸ್ಥಳಾಂತರವಿಲ್ಲದೆ ಆಗುವ ಕೆಲಸ

ಎಷ್ಟೋ ವೇಳೆ ಜಾಗ ಬದಲಿಸುವ ಅಗತ್ಯವೇ ಇರುವುದಿಲ್ಲ. ಎಂಜಿನ್ನಿನ ಕೆಳಗಿನ ತಗಡಿನ ಮರೆ ಬಿದ್ದುಹೋಗಿದ್ದರೆ ಹೊಸದನ್ನು ಹಾಕಿಸಿದರೆ ಅರ್ಧ ಕೆಸರು ತಡೆದಂತೆ. ಎಣ್ಣೆ ಸೋರುತ್ತಿದ್ದರೆ ಪಂಪಿನ ಆಯಿಲ್ ಸೀಲ್ ಅಥವಾ ಹೋಸ್ ಪೈಪಿನ ಕ್ಲಿಪ್ಪು ಬದಲಿಸುವುದು ಸ್ಥಳಾಂತರಕ್ಕಿಂತ ಅಗ್ಗ. ಬೆಲ್ಟು ಕಿರುಚುತ್ತಿದ್ದರೆ ಮೊದಲು ಬಿಗುವನ್ನು ನೋಡಿ. ಬ್ಯಾಟರಿ ತುಂಬದಿದ್ದರೆ ಅರ್ತ್ ತಂತಿ ಮತ್ತು ಟರ್ಮಿನಲ್‌ಗಳನ್ನು ಉಜ್ಜಿ ಸ್ವಚ್ಛ ಮಾಡಿ ನೋಡಿ. ಇವೆಲ್ಲ ಮಾಡಿದ ಮೇಲೂ ತೊಂದರೆ ಮುಂದುವರಿದರೆ, ಅಥವಾ ಎಂಜಿನ್ನನ್ನೇ ಬದಲಿಸಿದ್ದರಿಂದ ಹಳೆಯ ಜಾಗದಲ್ಲಿ ಆಲ್ಟರ್ನೇಟರ್ ಕೂರದೇ ಇದ್ದರೆ, ಆಗ ಮಾತ್ರ ಸ್ಥಳಾಂತರವನ್ನು ಯೋಚಿಸಬೇಕು.

ಬೆಲ್ಟಿನ ಎರಡು ವ್ಯವಸ್ಥೆಗಳು

ಒಂದನೆಯದು, ಕ್ರ್ಯಾಂಕ್ ಪುಲ್ಲಿ, ಸ್ಟೀರಿಂಗ್ ಪಂಪು, ಆಲ್ಟರ್ನೇಟರ್ ಎಲ್ಲಕ್ಕೂ ಒಂದೇ ಬೆಲ್ಟು. ಇದರಲ್ಲಿ ಜಾಗ ಉಳಿಯುತ್ತದೆ. ಆದರೆ ಬೆಲ್ಟು ಹರಿದರೆ ಎಲ್ಲವೂ ಒಟ್ಟಿಗೇ ನಿಲ್ಲುತ್ತವೆ.

ಎರಡನೆಯದು, ಸ್ಟೀರಿಂಗ್ ಪಂಪಿನ ಬೆಲ್ಟನ್ನು ಇದ್ದಂತೆಯೇ ಬಿಟ್ಟು, ಕ್ರ್ಯಾಂಕ್ ಪುಲ್ಲಿಯ ಮತ್ತೊಂದು ಗಾಡಿಯಿಂದ ಆಲ್ಟರ್ನೇಟರಿಗೆ ಪ್ರತ್ಯೇಕ ಬೆಲ್ಟು ಹಾಕುವುದು. ಆಲ್ಟರ್ನೇಟರಿನ ಬೆಲ್ಟು ಹರಿದರೂ ಸ್ಟೀರಿಂಗ್ ಕೆಲಸ ಮಾಡುತ್ತಲೇ ಇರುತ್ತದೆ. ಬ್ಯಾಟರಿಯಲ್ಲಿ ಉಳಿದ ಶಕ್ತಿಯಿಂದ ಮನೆ ಸೇರಬಹುದು. ರೈತರ ಉಪಯೋಗಕ್ಕೆ ಈ ಎರಡನೆಯ ವ್ಯವಸ್ಥೆಯೇ ಉತ್ತಮ.

ಕ್ರ್ಯಾಂಕ್ ಪುಲ್ಲಿಯಲ್ಲಿ ಖಾಲಿ ಗಾಡಿ ಇಲ್ಲದಿದ್ದರೆ, ಅದೇ ಎಂಜಿನ್ನಿಗೆ ಕಾರ್ಖಾನೆಯವರೇ ತಯಾರಿಸಿದ ಎರಡು ಗಾಡಿಯ ಪುಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ. ಕೆಲವು ಪುಲ್ಲಿಗಳಲ್ಲಿ ಒಳಭಾಗಕ್ಕೂ ಹೊರಭಾಗಕ್ಕೂ ನಡುವೆ ರಬ್ಬರ್ ಪಟ್ಟಿ ಇರುತ್ತದೆ. ಕ್ರ್ಯಾಂಕ್ ಶಾಫ್ಟಿನ ಅದುರುವಿಕೆಯನ್ನು ತಡೆಯುವುದು ಅದರ ಕೆಲಸ. ಅಂತಹ ಪುಲ್ಲಿಗೆ ರಂಧ್ರ ಕೊರೆಯುವುದಾಗಲಿ ವೆಲ್ಡಿಂಗ್ ಮಾಡುವುದಾಗಲಿ ಕೂಡದು.

ಅಪ್ಪುಗೆ, ನೇರ ಮತ್ತು ದಿಕ್ಕು

ಬೆಲ್ಟಿನ ದಾರಿಯನ್ನು ಗೊತ್ತುಮಾಡುವಾಗ ಮೂರು ವಿಷಯಗಳು ಮುಖ್ಯ.

ಅಪ್ಪುಗೆ: ಹೋರಿಯ ಹಗ್ಗವನ್ನು ಬರಿಗೈಯಲ್ಲಿ ಹಿಡಿದರೆ ಜಾರುತ್ತದೆ. ಅದನ್ನೇ ಗೂಟಕ್ಕೆ ಒಂದು ಸುತ್ತು ಹಾಕಿ ಹಿಡಿದರೆ ಹುಡುಗನೂ ತಡೆಯಬಲ್ಲ. ಬೆಲ್ಟಿನ ನಿಯಮವೂ ಇದೇ. ಪುಲ್ಲಿಯನ್ನು ಬೆಲ್ಟು ಎಷ್ಟು ಹೆಚ್ಚು ಅಪ್ಪಿಕೊಂಡಿರುತ್ತದೋ ಅಷ್ಟು ಕಡಿಮೆ ಜಾರುತ್ತದೆ. ಪುಲ್ಲಿಯ ಪೂರ್ಣ ಸುತ್ತು 360 ಡಿಗ್ರಿ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ, ಎಂದರೆ 120 ಡಿಗ್ರಿಗಿಂತ, ಕಡಿಮೆ ಅಪ್ಪುಗೆ ಸಿಗುವ ಜಾಗವನ್ನು ಆಲ್ಟರ್ನೇಟರಿಗೆ ಆರಿಸಬೇಡಿ. 150 ಮಿ.ಮೀ. ವ್ಯಾಸದ ಕ್ರ್ಯಾಂಕ್ ಪುಲ್ಲಿಯಿಂದ 70 ಮಿ.ಮೀ. ವ್ಯಾಸದ ಆಲ್ಟರ್ನೇಟರ್ ಪುಲ್ಲಿ 300 ಮಿ.ಮೀ. ದೂರದಲ್ಲಿದ್ದರೆ ಸಣ್ಣ ಪುಲ್ಲಿಗೆ ಸುಮಾರು 165 ಡಿಗ್ರಿ ಅಪ್ಪುಗೆ ಸಿಗುತ್ತದೆ. ದೂರ 150 ಮಿ.ಮೀ.ಗೆ ಇಳಿದರೆ ಅದು ಸುಮಾರು 149 ಡಿಗ್ರಿಗೆ ಇಳಿಯುತ್ತದೆ. ಒಂದೇ ಬೆಲ್ಟಿನಲ್ಲಿ ಮೂರು ನಾಲ್ಕು ಪುಲ್ಲಿಗಳಿದ್ದರೆ ಅಪ್ಪುಗೆ ಇನ್ನೂ ಬೇಗ ಕಡಿಮೆಯಾಗುತ್ತದೆ. ಆಲ್ಟರ್ನೇಟರನ್ನು ಸರಿಸಿದ್ದರಿಂದ ಸ್ಟೀರಿಂಗ್ ಪಂಪಿನ ಪುಲ್ಲಿಯ ಅಪ್ಪುಗೆ ಕಡಿಮೆಯಾಯಿತೇ ಎಂಬುದನ್ನೂ ತಪ್ಪದೆ ನೋಡಬೇಕು. ಕಡಿಮೆಯಾಗಿದ್ದರೆ ಒಂದು ಐಡ್ಲರ್ ಪುಲ್ಲಿ ಹಾಕಿ ಸರಿಪಡಿಸಬಹುದು. ಐಡ್ಲರನ್ನು ಬೆಲ್ಟಿನ ಸಡಿಲ ಬದಿಯಲ್ಲಿ, ಎಂದರೆ ಕ್ರ್ಯಾಂಕ್ ಪುಲ್ಲಿಯಿಂದ ಬೆಲ್ಟು ಹೊರಟುಹೋಗುವ ಬದಿಯಲ್ಲಿ, ಹಾಕಬೇಕು.

ನೇರ: ಎಲ್ಲ ಪುಲ್ಲಿಗಳ ಗಾಡಿಗಳೂ ಒಂದೇ ಸಾಲಿನಲ್ಲಿರಬೇಕು. ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಉಕ್ಕಿನ ನೇರಪಟ್ಟಿ ಹಿಡಿದು ಆಲ್ಟರ್ನೇಟರ್ ಪುಲ್ಲಿಯವರೆಗೆ ನೋಡಿ. ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇದ್ದರೆ ಗಾಡಿಯ ನಡುವಿನಿಂದ ಅಳೆಯಬೇಕು. 30 ಸೆಂ.ಮೀ. ದೂರಕ್ಕೆ 2 ಮಿ.ಮೀ.ಗಿಂತ ಹೆಚ್ಚು ಓರೆ ಇರಬಾರದು. ಸಾಲು ತಪ್ಪಿದ ನೊಗದಲ್ಲಿ ಎತ್ತಿನ ಹೆಗಲು ಹುಣ್ಣಾಗುವಂತೆ, ಸಾಲು ತಪ್ಪಿದ ಪುಲ್ಲಿಯಲ್ಲಿ ಬೆಲ್ಟಿನ ಅಂಚು ಸವೆಯುತ್ತದೆ.

ದಿಕ್ಕು: ಸ್ಟೀರಿಂಗ್ ಪಂಪು ಮತ್ತು ನೀರಿನ ಪಂಪು ಒಂದೇ ದಿಕ್ಕಿನಲ್ಲಿ ತಿರುಗಲು ಮಾಡಿದವು. ಬೆಲ್ಟಿನ ಒಳಮೈಯಿಂದ ತಿರುಗುವ ಪುಲ್ಲಿ ಕ್ರ್ಯಾಂಕಿನ ದಿಕ್ಕಿನಲ್ಲೂ, ಬೆನ್ನಿನಿಂದ ತಿರುಗುವ ಪುಲ್ಲಿ ಅದರ ವಿರುದ್ಧ ದಿಕ್ಕಿನಲ್ಲೂ ತಿರುಗುತ್ತದೆ. ಹೊಸ ದಾರಿಯಲ್ಲಿ ಯಾವ ಪಂಪೂ ಹಿಮ್ಮುಖ ತಿರುಗದಂತೆ ಎಚ್ಚರ ವಹಿಸಿ. ಆಲ್ಟರ್ನೇಟರ್ ಎರಡೂ ದಿಕ್ಕಿನಲ್ಲಿ ವಿದ್ಯುತ್ ಕೊಡುತ್ತದಾದರೂ ಅದರ ಫ್ಯಾನಿನ ರೆಕ್ಕೆಗಳು ಓರೆಯಾಗಿದ್ದರೆ ಹಿಮ್ಮುಖ ತಿರುಗಿದಾಗ ಗಾಳಿ ಸಾಲದೆ ಬಿಸಿಯಾಗುತ್ತದೆ. ಬೆನ್ನಿಗೆ ವ್ಯಾಕ್ಯೂಮ್ ಪಂಪು ಇದ್ದರಂತೂ ಮೊದಲಿದ್ದ ದಿಕ್ಕಿನಲ್ಲೇ ತಿರುಗಬೇಕು.

ಹೊಸ ಜಾಗದ ಆಯ್ಕೆ

ಸೈಲೆನ್ಸರ್ ಕೊಳವೆ ಹೊರಡುವ ಬದಿಯಲ್ಲಿ ಆಲ್ಟರ್ನೇಟರ್ ಬೇಡ. ಅದರೊಳಗಿನ ಡಯೋಡುಗಳಿಗೆ ಬಿಸಿಯೇ ಶತ್ರು. ಬೇರೆ ಜಾಗವಿಲ್ಲದಿದ್ದರೆ ನಡುವೆ ಗಾಳಿಯಾಡುವಂತೆ ಅಂತರ ಬಿಟ್ಟು ತಗಡಿನ ಮರೆ ಕಟ್ಟಬೇಕು. ಪವರ್ ಸ್ಟೀರಿಂಗ್ ಎಣ್ಣೆಯ ಡಬ್ಬಿ ಅಥವಾ ಹೋಸ್ ಪೈಪಿನ ಜೋಡಣೆಯ ನೇರ ಕೆಳಗೂ ಬೇಡ. ಬಾನೆಟ್ ಮುಚ್ಚಿದಾಗ, ಎಂಜಿನ್ ಅಲುಗಿದಾಗ ಎಲ್ಲಿಯೂ ತಗಲದಂತೆ ಸುತ್ತ ಕನಿಷ್ಠ 2 ಸೆಂ.ಮೀ. ಬಿಡುವಿರಲಿ. ಡೀಸೆಲ್ ಕೊಳವೆಗಳಿಂದ ದೂರವಿರಲಿ.

ವ್ಯಾಕ್ಯೂಮ್ ಪಂಪು ಇರುವ ಆಲ್ಟರ್ನೇಟರಾದರೆ ಎಣ್ಣೆ ಹಿಂದಿರುಗುವ ದಪ್ಪ ಕೊಳವೆ ಎಲ್ಲಿಯೂ ಮೇಲೇರದೆ ಇಳಿಜಾರಾಗಿಯೇ ಎಂಜಿನ್ನಿಗೆ ತಲುಪಬೇಕು. ಈ ಎಣ್ಣೆ ತನ್ನ ಭಾರದಿಂದಲೇ ಇಳಿಯುವುದರಿಂದ ಕೊಳವೆಯಲ್ಲಿ ತಗ್ಗು ಉಬ್ಬು ಇದ್ದರೆ ಪಂಪಿನಲ್ಲಿ ಎಣ್ಣೆ ಕಟ್ಟಿಕೊಳ್ಳುತ್ತದೆ. ಇಂತಹ ಇಳಿಜಾರು ಸಿಗದ ಜಾಗವಾದರೆ ಆ ಜಾಗವನ್ನೇ ಕೈಬಿಡಿ.

ಬ್ರ್ಯಾಕೆಟ್ ತಯಾರಿ

ಬ್ರ್ಯಾಕೆಟ್ಟನ್ನು ಎಂಜಿನ್ನಿಗೇ ಬಿಗಿಯಬೇಕು, ಚಾಸಿಗೆ ಬಿಗಿಯಕೂಡದು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತು ಸದಾ ಅಲುಗುತ್ತಿರುತ್ತದೆ. ಕ್ರ್ಯಾಂಕ್ ಪುಲ್ಲಿ ಎಂಜಿನ್ನಿನೊಂದಿಗೆ ಅಲುಗಿ ಆಲ್ಟರ್ನೇಟರ್ ಚಾಸಿಯ ಮೇಲೆ ನಿಶ್ಚಲವಾಗಿದ್ದರೆ ಬೆಲ್ಟು ಒಮ್ಮೆ ಬಿಗಿಯಾಗಿ ಒಮ್ಮೆ ಸಡಿಲವಾಗಿ ಕೆಲವೇ ದಿನಗಳಲ್ಲಿ ಹಾಳಾಗುತ್ತದೆ.

ಮೊದಲು ದಪ್ಪ ರಟ್ಟಿನಲ್ಲಿ ಮಾದರಿ ಕತ್ತರಿಸಿ ಕೂರಿಸಿ ನೋಡಿ. ಅದು ಸರಿಹೊಂದಿದ ಮೇಲೆ 8ರಿಂದ 10 ಮಿ.ಮೀ. ದಪ್ಪದ ಉಕ್ಕಿನ ತಗಡಿನಲ್ಲಿ ಬ್ರ್ಯಾಕೆಟ್ ಮಾಡಿಸಿ. ಎಂಜಿನ್ನಿನಲ್ಲಿ ಈಗಾಗಲೇ ಇರುವ ಮರೆಯುಳ್ಳ ರಂಧ್ರಗಳನ್ನೇ ಬಳಸಿಕೊಳ್ಳಿ. ಹೊಸ ರಂಧ್ರ ಕೊರೆದರೆ ಒಳಗಿನ ನೀರಿನ ಅಥವಾ ಎಣ್ಣೆಯ ದಾರಿಗೆ ತೂತು ಬೀಳಬಹುದು. ಕನಿಷ್ಠ ಎರಡು ಬೋಲ್ಟುಗಳಲ್ಲಿ ಬಿಗಿದು, ಮೂರನೆಯ ಕಡೆಯಿಂದ ಒಂದು ಆಧಾರದ ಪಟ್ಟಿ ಕೊಟ್ಟು ತ್ರಿಕೋನದಂತೆ ಮಾಡಿದರೆ ಅದುರುವುದಿಲ್ಲ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಗುರುತು ಇರಬೇಕು. ಸಾಮಾನ್ಯ ಮೃದು ಬೋಲ್ಟುಗಳು ತುಂಡಾಗುತ್ತವೆ.

ಬೆಲ್ಟು ಬಿಗಿಯಲು ಆಲ್ಟರ್ನೇಟರನ್ನು ಹೊರಕ್ಕೆ ಒಳಕ್ಕೆ ಸರಿಸುವ ಸೀಳುಳ್ಳ ಪಟ್ಟಿ ಇರಲೇಬೇಕು. ಬ್ರ್ಯಾಕೆಟ್ಟಿನ ವೆಲ್ಡಿಂಗನ್ನು ವಾಹನದಿಂದ ಹೊರಗೆ ತೆಗೆದು ಮಾಡಿಸಿ. ವಾಹನದ ಮೇಲೆಯೇ ಮಾಡಬೇಕಾಗಿ ಬಂದರೆ ಬ್ಯಾಟರಿ ಮತ್ತು ಆಲ್ಟರ್ನೇಟರಿನ ತಂತಿಗಳನ್ನು ಕಳಚಿರಬೇಕು. ಇಲ್ಲವಾದಲ್ಲಿ ಡಯೋಡುಗಳು ಸುಡುತ್ತವೆ.

ಬೆಲ್ಟಿನ ಅಳತೆ

ಆಲ್ಟರ್ನೇಟರನ್ನು ಸೀಳಿನ ನಡುಭಾಗದಲ್ಲಿ ನಿಲ್ಲಿಸಿ, ಹಿಗ್ಗದ ದಾರವೊಂದನ್ನು ಬೆಲ್ಟಿನ ದಾರಿಯಲ್ಲಿ ಸುತ್ತಿ ಅಳೆಯಿರಿ. ಎರಡೇ ಪುಲ್ಲಿಗಳಿದ್ದರೆ ಲೆಕ್ಕದಿಂದಲೂ ತಿಳಿಯಬಹುದು. ಮೇಲಿನ ಉದಾಹರಣೆಯಂತೆ ಕೇಂದ್ರಗಳ ನಡುವಿನ ದೂರ 300 ಮಿ.ಮೀ. ಇದ್ದರೆ:

ದೂರದ ಎರಡರಷ್ಟು: 2 × 300 = 600
ವ್ಯಾಸಗಳ ಮೊತ್ತದ 1.57ರಷ್ಟು: 1.57 × 220 = 345
ವ್ಯಾಸಗಳ ವ್ಯತ್ಯಾಸದ ವರ್ಗವನ್ನು ದೂರದ ನಾಲ್ಕರಷ್ಟರಿಂದ ಭಾಗಿಸಿದರೆ: 6400 ÷ 1200 = 5
ಒಟ್ಟು: ಸುಮಾರು 950 ಮಿ.ಮೀ.

ಅಂಗಡಿಗೆ ದಾರವನ್ನೂ ಹಳೆಯ ಬೆಲ್ಟನ್ನೂ ಕೊಂಡೊಯ್ಯಿರಿ. ಬೆಲ್ಟಿನ ಅಗಲ ಪುಲ್ಲಿಯ ಗಾಡಿಗೆ ಸರಿಹೊಂದಬೇಕು. ವಿ ಆಕಾರದ ಬೆಲ್ಟು ಗಾಡಿಯ ಎರಡು ಪಕ್ಕಗಳನ್ನು ಒತ್ತಿ ಹಿಡಿಯಬೇಕೇ ಹೊರತು ತಳಕ್ಕೆ ತಾಗಬಾರದು. ತಳಕ್ಕೆ ತಾಗಿದ ಬೆಲ್ಟು ಎಷ್ಟು ಬಿಗಿದರೂ ಜಾರುತ್ತದೆ.

ಪವರ್ ಸ್ಟೀರಿಂಗಿನ ಕಾಳಜಿ

ಸಾಧ್ಯವಾದಷ್ಟು ಮಟ್ಟಿಗೆ ಪಂಪು ಮತ್ತು ಅದರ ಹೋಸ್ ಪೈಪುಗಳನ್ನು ಮುಟ್ಟದೆ ಕೆಲಸ ಮುಗಿಸಿ. ಅನಿವಾರ್ಯವಾಗಿ ಪಂಪನ್ನು ಸ್ವಲ್ಪ ಸರಿಸಬೇಕಾದರೆ ಎಣ್ಣೆಯ ಡಬ್ಬಿ ಪಂಪಿಗಿಂತ ಮೇಲೇ ಇರಬೇಕು. ಒತ್ತಡದ ಪೈಪು ಹೊಸ ಆಲ್ಟರ್ನೇಟರಿಗಾಗಲಿ ಬೆಲ್ಟಿಗಾಗಲಿ ಉಜ್ಜಬಾರದು, ಮುರುಚಿಕೊಂಡಿರಬಾರದು. ಪೈಪು ಗಿಡ್ಡವಾದರೆ ಸಾಮಾನ್ಯ ರಬ್ಬರ್ ಪೈಪು ಸಿಕ್ಕಿಸುವುದು ಸರ್ವಥಾ ಕೂಡದು. ಹೈಡ್ರಾಲಿಕ್ ಅಂಗಡಿಯಲ್ಲಿ ತಕ್ಕ ಒತ್ತಡದ ಪೈಪನ್ನೇ ಮಾಡಿಸಬೇಕು.

ಪೈಪು ಬಿಚ್ಚಿದ್ದರೆ ಒಳಗೆ ಸೇರಿದ ಗಾಳಿಯನ್ನು ಹೊರಹಾಕಬೇಕು. ಕೈಪಿಡಿಯಲ್ಲಿ ಹೇಳಿರುವ ಎಣ್ಣೆಯನ್ನೇ ತುಂಬಿ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಎಂಜಿನ್ ನಿಲ್ಲಿಸಿಯೇ ಸ್ಟೀರಿಂಗನ್ನು ಎಡದಿಂದ ಬಲಕ್ಕೆ ಪೂರ್ತಿಯಾಗಿ 15ರಿಂದ 20 ಬಾರಿ ನಿಧಾನವಾಗಿ ತಿರುಗಿಸಿ, ಇಳಿದಷ್ಟು ಎಣ್ಣೆ ತುಂಬುತ್ತಿರಿ. ನಂತರ ಎಂಜಿನ್ ಚಾಲೂ ಮಾಡಿ ಮತ್ತೆ ಕೆಲವು ಬಾರಿ ತಿರುಗಿಸಿ. ಡಬ್ಬಿಯಲ್ಲಿ ನೊರೆ ನಿಂತರೆ ಗಾಳಿ ಹೋಗಿದೆ ಎಂದು ತಿಳಿಯಬೇಕು. ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿಯಬೇಡಿ, ಪಂಪು ಬಿಸಿಯಾಗುತ್ತದೆ.

ಸೋರಿಕೆಯನ್ನು ಬರಿಗೈಯಿಂದ ಮುಟ್ಟಿ ಹುಡುಕಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಹೊಗಬಲ್ಲದು. ರಟ್ಟಿನ ತುಂಡನ್ನು ಹಿಡಿದು ನೋಡಿ. ಆಕಸ್ಮಿಕವಾಗಿ ಹಾಗೆ ಎಣ್ಣೆ ಒಳಹೊಕ್ಕರೆ ಗಾಯ ಚಿಕ್ಕದೆಂದು ಉಪೇಕ್ಷಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಂತಿಯ ಕೆಲಸ

ಜಾಗ ಬದಲಾದಾಗ ಬ್ಯಾಟರಿಗೆ ಹೋಗುವ ದಪ್ಪ ತಂತಿ ಉದ್ದವಾಗುತ್ತದೆ. ಉದ್ದವಾದಷ್ಟೂ ದಪ್ಪವಾಗಿರಬೇಕು, ಇಲ್ಲವಾದರೆ ವೋಲ್ಟೇಜ್ ದಾರಿಯಲ್ಲೇ ನಷ್ಟವಾಗುತ್ತದೆ. 2 ಮೀಟರ್ ಉದ್ದದ ತಾಮ್ರದ ತಂತಿಯಲ್ಲಿ 50 ಆಂಪಿಯರ್ ಹರಿದಾಗ ಆಗುವ ನಷ್ಟ ಹೀಗಿದೆ:

4 ಚದರ ಮಿ.ಮೀ. ತಂತಿ: 0.44 ವೋಲ್ಟ್
6 ಚದರ ಮಿ.ಮೀ. ತಂತಿ: 0.29 ವೋಲ್ಟ್
10 ಚದರ ಮಿ.ಮೀ. ತಂತಿ: 0.18 ವೋಲ್ಟ್
16 ಚದರ ಮಿ.ಮೀ. ತಂತಿ: 0.11 ವೋಲ್ಟ್

ಆದ್ದರಿಂದ ಇಷ್ಟು ಉದ್ದಕ್ಕೆ 10 ಚದರ ಮಿ.ಮೀ.ಗಿಂತ ಕಡಿಮೆ ಬೇಡ. ಹಳೆಯ ತಂತಿಗೆ ಗಂಟು ಹಾಕಿ ಉದ್ದ ಮಾಡುವ ಬದಲು ಒಂದೇ ಹೊಸ ತಂತಿ ಎಳೆಯಿರಿ. ಆಲ್ಟರ್ನೇಟರಿನ ಸಾಮರ್ಥ್ಯಕ್ಕಿಂತ ಸ್ವಲ್ಪ ಹೆಚ್ಚಿನ ಆಂಪಿಯರಿನ ಫ್ಯೂಸನ್ನು ಬ್ಯಾಟರಿಯ ಹತ್ತಿರ ಹಾಕಿ. ಬಣ್ಣ ಬಳಿದ ಬ್ರ್ಯಾಕೆಟ್ ವಿದ್ಯುತ್ತನ್ನು ಸರಿಯಾಗಿ ಹಾಯಿಸುವುದಿಲ್ಲವಾದ್ದರಿಂದ ಆಲ್ಟರ್ನೇಟರಿನ ಮೈಯಿಂದ ಎಂಜಿನ್ನಿಗೆ ಪ್ರತ್ಯೇಕ ಅರ್ತ್ ತಂತಿ ಕೊಡಿ. ತಂತಿ ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಬುಷ್ ಇರಲಿ.

ಕೆಲಸ ಮಾಡುವಾಗ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ತೆಗೆದು ಕೊನೆಯಲ್ಲಿ ಹಾಕಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ತಂತಿ ಕಿತ್ತು ‘ಚಾರ್ಜ್ ಬರುತ್ತಿದೆಯೇ’ ಎಂದು ನೋಡುವ ಅಭ್ಯಾಸವನ್ನು ಬಿಡಬೇಕು. ಡೈನಮೋ ಕಾಲದ ಈ ಪದ್ಧತಿ ಆಲ್ಟರ್ನೇಟರನ್ನು ಒಂದೇ ಗಳಿಗೆಯಲ್ಲಿ ಸುಡಬಲ್ಲದು.

ಬಿಗು ಮತ್ತು ಪರೀಕ್ಷೆ

ಬೆಲ್ಟಿನ ಉದ್ದನೆಯ ಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 10 ಮಿ.ಮೀ. ತಗ್ಗಿದರೆ ಬಿಗು ಸರಿಯಾಗಿದೆ ಎಂದು ತಿಳಿಯಬಹುದು. ಹೆಚ್ಚು ಸಡಿಲವಾದರೆ ಜಾರಿ ಸುಡುತ್ತದೆ, ಹೆಚ್ಚು ಬಿಗಿಯಾದರೆ ಬೇರಿಂಗ್ ಕೆಡುತ್ತದೆ. ಸ್ಟೀರಿಂಗ್ ಪಂಪಿನ ಮೈಗೆ ಸಲಾಕೆ ಮೀಟಿ ಬೆಲ್ಟು ಬಿಗಿಯಬಾರದು. ಅದರ ಡಬ್ಬಿ ತೆಳು ತಗಡಿನದಾಗಿರುತ್ತದೆ.

ನಂತರ ಈ ಕೆಳಗಿನಂತೆ ಪರೀಕ್ಷಿಸಿ:

1. ಎಂಜಿನ್ ಚಾಲೂ ಮಾಡುವ ಮುನ್ನ ಬ್ಯಾಟರಿಯ ವೋಲ್ಟೇಜ್ ಅಳೆಯಿರಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ.

2. ಎಂಜಿನ್ ಮಧ್ಯಮ ವೇಗದಲ್ಲಿದ್ದಾಗ 13.8ರಿಂದ 14.4 ವೋಲ್ಟ್ ಬರಬೇಕು.

3. ಎಲ್ಲ ದೀಪಗಳನ್ನೂ ಹಾಕಿ ಅದೇ ವೇಗದಲ್ಲಿ ಅಳೆಯಿರಿ. 13.5ಕ್ಕಿಂತ ಕೆಳಗಿಳಿದರೆ ಬೆಲ್ಟು ಜಾರುತ್ತಿದೆಯೇ, ತಂತಿ ಸಣ್ಣದಾಯಿತೇ ಎಂದು ನೋಡಿ.

4. ದೀಪಗಳು ಉರಿಯುತ್ತಿರುವಾಗಲೇ ನಿಂತ ಜಾಗದಲ್ಲಿ ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ. ಬೆಲ್ಟು ಕಿರುಚಬಾರದು, ಸ್ಟೀರಿಂಗ್ ತಡೆದು ತಡೆದು ತಿರುಗಬಾರದು. ಇದೇ ಮುಖ್ಯ ಪರೀಕ್ಷೆ.

5. ಬ್ರೇಕ್ ಪೆಡಲನ್ನು ಎಂಜಿನ್ ನಿಲ್ಲಿಸಿ ನಾಲ್ಕೈದು ಬಾರಿ ತುಳಿದು ಗಟ್ಟಿಯಾದ ಮೇಲೆ, ಕಾಲು ಒತ್ತಿಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಇಳಿಯದಿದ್ದರೆ ವಾಹನವನ್ನು ರಸ್ತೆಗೆ ತರಬೇಡಿ.

6. ಅರ್ಧ ಗಂಟೆ ಖಾಲಿ ವಾಹನವನ್ನು ಹತ್ತಿರದಲ್ಲೇ ಓಡಿಸಿ ತಂದು, ನೀರಿನ ಬಿಸಿಯ ಮುಳ್ಳು, ಬೋಲ್ಟುಗಳು, ಸೋರಿಕೆ ಎಲ್ಲವನ್ನೂ ಮತ್ತೆ ನೋಡಿ.

ಹೊಸ ಬೆಲ್ಟು ಮೊದಲ ದಿನಗಳಲ್ಲಿ ಹಿಗ್ಗುವುದರಿಂದ ಒಂದು ವಾರದ ನಂತರ ಮತ್ತೊಮ್ಮೆ ಬಿಗಿಯಬೇಕು. ವಾಹನದಲ್ಲಿ ಸದಾ ಒಂದು ಹೆಚ್ಚುವರಿ ಬೆಲ್ಟು ಇಟ್ಟುಕೊಳ್ಳಿ. ಬದಲಾದ ಬೆಲ್ಟಿನ ಸಂಖ್ಯೆಯನ್ನು ಬಾನೆಟ್ಟಿನ ಒಳಬದಿಯಲ್ಲಿ ಬಣ್ಣದಿಂದ ಬರೆದಿಡಿ. ಬೇರೆ ಊರಿನಲ್ಲಿ ಕೆಟ್ಟರೆ ಅಲ್ಲಿಯ ಮೆಕ್ಯಾನಿಕ್ಕಿಗೆ ಇದರಿಂದ ತಿಳಿಯುತ್ತದೆ.

ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ನನ್ನೇ ಬದಲಿಸಿ ಅದರ ಜೊತೆಗೆ ಈ ಕೆಲಸ ಮಾಡಿಸುವವರು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮುಂಚಿತವಾಗಿಯೇ ವಿಚಾರಿಸಬೇಕು. ವಿಮಾ ಕಂಪನಿಗೂ ಬರಹದಲ್ಲಿ ತಿಳಿಸುವುದು ಒಳ್ಳೆಯದು.

ನೆನಪಿಡಬೇಕಾದ ಮುಖ್ಯಾಂಶಗಳು

• ಸರಿಸುವುದು ಆಲ್ಟರ್ನೇಟರನ್ನು ಮಾತ್ರ. ಸ್ಟೀರಿಂಗ್ ಪಂಪಿನ ಜಾಗವನ್ನೂ ಬೆಲ್ಟನ್ನೂ ಸಾಧ್ಯವಾದಷ್ಟು ಮುಟ್ಟಬೇಡಿ.
• ಆಲ್ಟರ್ನೇಟರಿಗೆ ಪ್ರತ್ಯೇಕ ಬೆಲ್ಟು ಇರಲಿ.
• ಬ್ರ್ಯಾಕೆಟ್ ಎಂಜಿನ್ನಿಗೇ ಬಿಗಿಯಾಗಲಿ.
• ಅಪ್ಪುಗೆ 120 ಡಿಗ್ರಿಗಿಂತ ಕಡಿಮೆಯಾಗದಿರಲಿ. ಪುಲ್ಲಿಗಳು ಒಂದೇ ಸಾಲಿನಲ್ಲಿರಲಿ.
• ವ್ಯಾಕ್ಯೂಮ್ ಪಂಪು ಇದ್ದರೆ ಅದು ಬ್ರೇಕಿನ ಅಂಗವೆಂದು ತಿಳಿದು ನಡೆಯಿರಿ.
• ದೀಪ ಹಾಕಿ, ಸ್ಟೀರಿಂಗ್ ಪೂರ್ತಿ ತಿರುಗಿಸಿ ಪರೀಕ್ಷಿಸಿದ ಮೇಲೆಯೇ ಹೊರೆ ಹೇರಿರಿ.

ಸುಗ್ಗಿಯ ಅವಸರದಲ್ಲಿ ಈ ಕೆಲಸವನ್ನು ಹಮ್ಮಿಕೊಳ್ಳಬೇಡಿ. ಬೇಸಿಗೆಯಲ್ಲಿ ವಾಹನಕ್ಕೆ ಬಿಡುವಿರುವಾಗ, ಅನುಭವವುಳ್ಳ ಮೆಕ್ಯಾನಿಕ್ ಮತ್ತು ಆಟೋ ಎಲೆಕ್ಟ್ರಿಷಿಯನ್ ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು, ಮೇಲಿನ ಅಂಶಗಳನ್ನು ಒಂದೊಂದಾಗಿ ಓದಿ ಹೇಳಿ ಮಾಡಿಸಿದಲ್ಲಿ ಮಳೆಗಾಲದ ಕೆಸರಿನಲ್ಲೂ ಬ್ಯಾಟರಿ ತುಂಬಿರುತ್ತದೆ, ಸ್ಟೀರಿಂಗ್ ಹಗುರವಾಗಿರುತ್ತದೆ.